ಅತ್ತೆ ಕಟ್ಟಿದ ವಾಯರಿನ ಗಂಟು

ತೀರ್ಥರೂಪ ಮಾವನವರಿಗೆ,

ಐನಾಪುರದ ತೋಟದ ಮನೆಯ ಪಡಸಾಲೆಯಲ್ಲಿ, ನೀವು ಒರಗುತ್ತಿದ್ದ ಕಂಬಕ್ಕೇ ಒರಗಿ ಕುಳಿತು ನಿಮ್ಮ ಸೊಸೆ ಕಸ್ತೂರಿ ಬರೆಯುತ್ತಿದ್ದೇನೆ. ನೀವು ತೀರಿಹೋಗಿ ಐದು ವರ್ಷವಾಯಿತು. ಇಷ್ಟು ದಿನ ಇಲ್ಲದ ಪತ್ರ ಈಗೇಕೆ ಅನ್ನುತ್ತೀರಾ? ನೀವು ಒಂದು ಉತ್ತರ ನಂಬಿಕೊಂಡೇ ಬಿಟ್ಟುಹೋದ ಪ್ರಶ್ನೆ ಒಂದಿತ್ತಲ್ಲ, ನಮ್ಮ ವಿಮಾನ ಯಾಕೆ ಬಿತ್ತು ಅನ್ನುವುದು, ಅದಕ್ಕೆ ನಿಜವಾದ ಉತ್ತರ ಸಿಕ್ಕಿದೆ. ಕೇಳಿದರೆ ಮೊದಲು ನಗುತ್ತೀರಿ. ಆಮೇಲೆ ಅತ್ತೆಯವರ ಮುಖ ನೋಡಲಾಗದೆ ತಲೆ ಕೆರೆದುಕೊಳ್ಳುತ್ತೀರಿ.

ನನ್ನನ್ನು ನೋಡಲು ನೀವೆಲ್ಲ ರಾಯಬಾಗಕ್ಕೆ ಬಂದ ದಿನ ನೆನಪಿದೆಯೇ? ಅಪ್ಪನ ರೇಡಿಯೋ ರಿಪೇರಿ ಅಂಗಡಿಯ ಹಿಂದೆಯೇ ನಮ್ಮ ಮನೆ. ಉಳಿದವರೆಲ್ಲ ಅಡಿಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುತ್ತಿದ್ದರೆ, ನೀವು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ರೇಡಿಯೋದಲ್ಲೇ ಮುಖ ಹುದುಗಿಸಿದ್ದಿರಿ. "ಈ ಬೆಸಗಿ ಹಾಕಿದಾವ್ರು ಯಾರ್ರಿ?" ಅಂದಿರಿ. ಅಪ್ಪ ಅಂಜುತ್ತಲೇ ನನ್ನ ಕಡೆ ಕೈ ತೋರಿಸಿದರು. "ಮುಗೀತ ಬಿಡ್ರಿ, ನಮಗ ಈ ಹುಡುಗೀನ ಬೇಕು" ಅಂದಿರಿ. ಪಾಪ, ನಿಮ್ಮ ಮಗನನ್ನು ಯಾರೂ ಕೇಳಲೇ ಇಲ್ಲ.

ಆಮೇಲೆ ಕೊಲ್ಲಾಪುರದ ನಿಮ್ಮ ಗೆಳೆಯರಿಂದ, ರೇಡಿಯೋದಿಂದ ನಡೆಸುವ ಸಣ್ಣ ವಿಮಾನದ ಸಾಮಾನಿನ ಆ ಪೆಟ್ಟಿಗೆ ಬಂತು. ದ್ರಾಕ್ಷಿ ಪಡಕ್ಕೆ ಗಿಳಿಗಳು ಇಳಿದು ನೀವು ಕವಣೆ ಬೀಸಿ ಬೀಸಿ ತೋಳು ನೋಯಿಸಿಕೊಂಡಿದ್ದ ವರ್ಷ ಅದು. ಹಕ್ಕಿಯನ್ನು ಓಡಿಸಲು ಇನ್ನೊಂದು ದೊಡ್ಡ ಹಕ್ಕಿಯನ್ನೇ ಹಾರಿಸಿದರೆ ಹೇಗೆ ಎಂಬ ಹುಚ್ಚು ನಿಮಗೆ ಹತ್ತಿತು. ವಿಮಾನದ ಮೈ, ರೆಕ್ಕೆ, ಸಣ್ಣ ಇಂಜಿನ್ನು ನಿಮ್ಮ ಪಾಲು. ಒಳಗೆ ರೇಡಿಯೋ ಕೂಡಿಸುವುದು ನನ್ನ ಪಾಲು. ಗೆಳೆಯರು ಮರಾಠಿಯಲ್ಲಿ ಬರೆದ ಚೀಟಿಯನ್ನು ನೀವು ಒಂದೊಂದೇ ಸಾಲು ಓದಿ ಹೇಳುತ್ತಿದ್ದಿರಿ. ಅದರ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದರು: "ವಾಯರ್ ಕಾಪೂ ನಕಾ, ಗುಂಡಾಳೂ ನಕಾ." ರಿಸೀವರಿನ ಏರಿಯಲ್ ವಾಯರನ್ನು ಕತ್ತರಿಸಬಾರದು, ಸುತ್ತಲೂಬಾರದು, ಸುತ್ತಿದರೆ ಸಿಗ್ನಲ್ ಮುಟ್ಟುವುದಿಲ್ಲ.

ಆ ಹದಿನೈದು ದಿನ ಎಷ್ಟು ಚೆನ್ನಾಗಿದ್ದವು! ಇಂಜಿನ್ನಿನ ನಡುಕ ತಾಗಬಾರದೆಂದು ರಿಸೀವರಿಗೆ ಹಳೆಯ ದಿಂಬಿನ ಸ್ಪಂಜು ಸುತ್ತಿದೆವು. ಸರ್ವೋ ಎಂಬ ಬೆಂಕಿಪೊಟ್ಟಣದಷ್ಟು ಮೋಟಾರುಗಳು ಎರಡು. ಅವುಗಳ ಸ್ಕ್ರೂ ಕೆಳಗೆ ಸೈಕಲ್ ಟ್ಯೂಬಿನ ಚೂರು ಕೊಟ್ಟೆವು. ಮೋಟಾರಿನಿಂದ ಬಾಲದವರೆಗೆ ಬಿದಿರು ಕಡ್ಡಿ, ಅದರ ತುದಿಗೆ ಸೈಕಲ್ಲಿನ ಸ್ಪೋಕು. ಒಂದು ಮೋಟಾರು ಮೂಗನ್ನು ಏರಿಸಿ ಇಳಿಸಲು, ಇನ್ನೊಂದು ಚುಕ್ಕಾಣಿಯನ್ನು ಎಡಬಲ ತಿರುಗಿಸಲು. ನೀವು ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ ತೂಕ ನೋಡುವಿರಿ, ನಾನು ಬ್ಯಾಟರಿಯನ್ನು ಒಂದು ಬೆರಳಗಲ ಮುಂದೆ ಸರಿಸುವೆ. "ಇನ್ನಷ್ಟವಾ… ಇನ್ನಷ್ಟ… ಹಾಂ, ನಿಂತ್ತು!" ಒಲೆಯ ಮೇಲೆ ಸಾರು ಉಕ್ಕಿ ಹೋದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಖಂಡೇನವಮಿಯ ಬೆಳಿಗ್ಗೆ ಕುಡಗೋಲು, ದ್ರಾಕ್ಷಿ ಕತ್ತರಿ, ಔಷಧಿ ಪಂಪಿನ ಜೊತೆ ವಿಮಾನವನ್ನೂ ಪೂಜೆಗೆ ಇಟ್ಟಿರಿ, ಮೂಗು ನಮ್ಮ ಕಡೆಗೆ, ದೇವರು ಕೂತ ಹಾಗೆ. ಬಿಚ್ಚಿಟ್ಟಿದ್ದ ರೆಕ್ಕೆಯನ್ನು ಮತ್ತೆ ಕಟ್ಟುವ ಮೊದಲು ಒಂದು ಸಲ ಆಡಿಸಿ ನೋಡೋಣ ಅಂದಿರಿ. ಎದುರಿಗೆ ಕುಳಿತು, ಸಿಗ್ನಲ್ ಕಳಿಸುವ ಕೈಡಬ್ಬಿಯ ಕಡ್ಡಿಯನ್ನು ಬಲಕ್ಕೆ ಒತ್ತಿದೆ. ಚುಕ್ಕಾಣಿ ನಮ್ಮ ಎಡಕ್ಕೆ ಹೊರಳಿತು. "ಉಲ್ಟಾ ಐತೆಲ್ಲವಾ!" ಅಂದಿರಿ. ತಿರುಗಿಸಿ ನೋಡಲೇ ಎಂದು ಕೈ ಚಾಚಿದೆ. "ಬ್ಯಾಡ ಬ್ಯಾಡ, ಪೂಜಿಗಿ ಕುಂದ್ರಿಸಿದ ಆಯುಧ, ಬೆನ್ನು ತೋರಸಬಾರದು." ಸರಿ, ಅಲ್ಲಿಯೇ ಬಗ್ಗಿ ಮೋಟಾರಿನ ತೋಳಿನ ಆ ಬದಿಯ ತೂತಿನಿಂದ ಬಿದಿರು ಕಡ್ಡಿಯ ಸ್ಪೋಕು ತೆಗೆದು ಈ ಬದಿಯ ತೂತಿಗೆ ಸಿಕ್ಕಿಸಿದೆ. ಈಗ ಬಲ ಅಂದರೆ ಬಲ. ನೀವು ಚಪ್ಪಾಳೆ ತಟ್ಟಿದಿರಿ.

ಮರುದಿನ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಅಂದುಕೊಂಡು, ಬಯಲಿಗೆ ಹೋದೆವು. ನಿಮ್ಮ ಮಗ ಓಡಿ ಗಾಳಿಗೆ ತೂರಿದರು. ಎಷ್ಟು ಚೆಂದ ಏರಿತು! ಪಡದ ಹತ್ತಿರ ನೀವು ಬಲಕ್ಕೆ ಒತ್ತಿದಿರಿ, ಅದು ಎಡಕ್ಕೆ ವಾಲಿತು. ಇನ್ನೂ ಒತ್ತಿದಿರಿ, ಇನ್ನೂ ವಾಲಿತು. "ನನ್ನ ಮಾತ ಕೇಳವಲ್ದ!" ಎಂದು ಕೂಗಿ ಬೆರಳು ತೆಗೆದಿರಿ. ಒಂದು ಗಳಿಗೆ ನೆಟ್ಟಗಾಯಿತು. ಮತ್ತೆ ಒತ್ತಿದಿರಿ, ದ್ರಾಕ್ಷಿ ಚಪ್ಪರದ ತಂತಿಗೆ ಹೋಗಿ ಬಡಿಯಿತು.

ಮುರಿದದ್ದನ್ನು ಎತ್ತಿದಾಗ ಕಂಡದ್ದು ಆ ಗಂಟು. ಪೂಜೆಗೆ ಅಂದವಾಗಿ ಕಾಣಲಿ ಎಂದು ಅತ್ತೆಯವರು ಜೋತಾಡುತ್ತಿದ್ದ ವಾಯರನ್ನು ಸುರುಳಿ ಸುತ್ತಿ, ಹೂವಿನ ದಾರದಿಂದ ಕಟ್ಟಿದ್ದರು. ನೀವು ಬೈಯಲಿಲ್ಲ, ನಕ್ಕಿರಿ. ಬೈದಿದ್ದರೇ ಚೆನ್ನಾಗಿತ್ತು. ಮನೆಯಲ್ಲಿ ಏನು ಕೆಟ್ಟರೂ "ನಿಮ್ಮತ್ತಿ ಗಂಟ ಹಾಕಿರಬೇಕ ನೋಡವಾ" ಅನ್ನುವುದು ರೂಢಿಯಾಯಿತು. ಬಂದ ಬೀಗರೂ ನಗುತ್ತಿದ್ದರು. ನಗುವಾಗ ಅತ್ತೆಯವರ ಕೈ ನೋಡಿದ್ದಿರಾ? ಸೆರಗಿನ ಒಳಗೆ ಹೋಗುತ್ತಿತ್ತು. ಅಂದಿನಿಂದ ಅವರು ರೇಡಿಯೋದ ಗುಂಡಿ ಮುಟ್ಟಲಿಲ್ಲ. ದಿನಾ ಸಂಜೆ ಹಾಡು ಕೇಳುವವರು, "ಕಸ್ತೂರಿ, ಒಂದೀಟ ಹಚ್ಚಿ ಹೋಗವಾ" ಎಂದು ನನ್ನ ದಾರಿ ಕಾಯುವವರಾದರು.

ನನಗೆ ಮಾತ್ರ ಆ ಒಂದು ಗಳಿಗೆ ಬಗೆಹರಿಯಲಿಲ್ಲ. ಸಿಗ್ನಲ್ಲೇ ಮುಟ್ಟದಿದ್ದರೆ ನೀವು ಬೆರಳು ತೆಗೆದಾಗ ವಿಮಾನ ನೆಟ್ಟಗಾದದ್ದು ಹೇಗೆ? ನಿಮ್ಮ ಮುಂದೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಆದರೆ ಗಂಟಿನದು ತಪ್ಪಲ್ಲ ಅಂದರೆ ಮತ್ತೆ ಯಾರದು, ಒಳಗೆ ರೇಡಿಯೋ ಕೂಡಿಸಿದವಳದೇ ಅಲ್ಲವೇ… ಅದಕ್ಕೇ ಸುಮ್ಮನಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಮಾವಾರ.

ಈ ಸಲದ ಖಂಡೇನವಮಿಗೆ ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಗಂಟು ಹಾಗೇ ಇತ್ತು, ಹೂವಿನ ದಾರದ ಸಮೇತ. ಹೊಸ ಸೆಲ್ಲು ಹಾಕಿ, ಗಂಟು ಬಿಚ್ಚದೆ, ವಿಮಾನವನ್ನು ಅಂಗಳದಲ್ಲಿಟ್ಟು, ಡಬ್ಬಿ ಹಿಡಿದು ಪಡದ ಆಚೆ ತುದಿಯವರೆಗೆ, ವಿಮಾನ ಬಿದ್ದ ಜಾಗಕ್ಕಿಂತ ದೂರ ನಡೆದೆ. ಮನೆಯ ಅಂಗಳದಿಂದ ನಿಮ್ಮ ಮಗ, ಚುಕ್ಕಾಣಿ ಆಡುತ್ತಿದೆ ಎಂದು ಟವೆಲ್ಲು ಬೀಸುತ್ತಲೇ ಇದ್ದರು. ಅಂದರೆ ಗಂಟು ಸಿಗ್ನಲ್ಲನ್ನು ತಡೆದಿರಲಿಲ್ಲ! ಹಾಗಾದರೆ?

ವಿಮಾನವನ್ನು ಪೂಜೆಗೆ ಇಟ್ಟು, ಎದುರಿಗೆ ಕುಳಿತು, ಕಡ್ಡಿಯನ್ನು ಮತ್ತೆ ಮತ್ತೆ ಒತ್ತಿದೆ. "ನೋಡ್ರಿ ಅತ್ತಿ, ಬಲಕ್ಕ ಒತ್ತಿದ್ರ ಬಲಕ್ಕ ಹೋಗತೈತಿ. ಎಲ್ಲಾ ಸರಿ ಐತಿ, ಮತ್ತ್ಯಾಕ ಬಿತ್ತು?"

ಹೋಳಿಗೆಗೆ ಹೂರಣ ಅರೆಯುತ್ತಿದ್ದ ಅತ್ತೆಯವರು ತಲೆ ಎತ್ತಿದರು. "ಯಾರ ಬಲಾ?"

"ನಮ್ಮ ಬಲಾರಿ."

"ನೀ ಅದರ ಎದುರಿಗಿ ಕುಂತೀಯಲ್ಲವಾ. ಎತ್ತಿನ ಎಡಾಬಲಾ ಹಿಂದ ನಿಂತ ನೋಡ್ತಾರ. ಎದುರಿಗಿ ನಿಂತ ಯಾರರ ಗಳೇ ಹೊಡೀತಾರೇನು?"

ನಾನು ಎದ್ದೆ. ಪೂಜೆಯ ಆಯುಧದ ಬೆನ್ನು ಕಾಣಬಾರದೆಂಬ ನಿಮ್ಮ ಮಾತು ಕಿವಿಯಲ್ಲಿತ್ತು, ಆದರೂ ಹೋಗಿ ಬಾಲದ ಹಿಂದೆ ಕುಳಿತೆ. ಬಲಕ್ಕೆ ಒತ್ತಿದೆ. ಚುಕ್ಕಾಣಿ ಎಡಕ್ಕೆ ಹೊರಳಿತು. ಮೊದಲು ನಾನು ಕೂಡಿಸಿದ್ದೇ ಸರಿಯಾಗಿತ್ತು, ಮಾವಾರ. ಸರಿ ಇದ್ದದ್ದನ್ನು ನಿಮ್ಮ ಮಾತು, ನನ್ನ ಕೈ ಸೇರಿ ಕೆಡಿಸಿದವು. ವಿಮಾನ ಕೊನೆಯವರೆಗೂ ನಿಮ್ಮ ಮಾತು ಕೇಳಿತ್ತು. ಅತ್ತೆಯವರ ಕಾಲು ಮುಟ್ಟಿ ಎಲ್ಲವನ್ನೂ ಹೇಳಿದೆ. ಅವರು ಹೂರಣದ ಕೈ ಒರೆಸಿಕೊಂಡರು. ಆಮೇಲೆ, "ಅವರಿಗಿ ಯಾರ ಹೇಳಾವ್ರು?" ಅಂದರು.

ಸ್ಪೋಕನ್ನು ಮೊದಲಿನ ತೂತಿಗೇ ಸಿಕ್ಕಿಸಿ, ರೆಕ್ಕೆಯನ್ನು ಹೊಸದಾಗಿ ಕಟ್ಟುವಷ್ಟರಲ್ಲಿ ದ್ರಾಕ್ಷಿಗೆ ರಸ ತುಂಬಿತ್ತು. ಮೊನ್ನೆ ಹಾರಿಸಿದೆವು. ಗಂಟು ಬೇಕಂತಲೇ ಹಾಗೇ ಇಟ್ಟಿದ್ದೆ. ಪಡದ ಮೇಲೆ ಬಂದಾಗ ಡಬ್ಬಿಯನ್ನು ಅತ್ತೆಯವರ ಮುಂದೆ ಹಿಡಿದು, "ನೀವ ಒತ್ರಿ" ಅಂದೆ. ಸೆರಗಿನಿಂದ ಕೈ ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಲಕ್ಕೆ ಒತ್ತಿದರು. ಬಲಕ್ಕೆ ತಿರುಗಿತು. ಗಿಳಿಗಳ ಸುದ್ದಿಯೂ ನಿಮಗೆ ಬೇಕಲ್ಲ: ಮೊದಲ ಸುತ್ತಿಗೆ ಎಲ್ಲ ಎದ್ದು ಹೋದವು, ಮೂರನೆಯ ಸುತ್ತಿಗೆ ತಿರುಗಿ ಬಂದು ಕುಳಿತು ನೋಡತೊಡಗಿದವು. ಕವಣೆಯನ್ನು ಇನ್ನೂ ಬಿಸಾಡಿಲ್ಲ.

ಇಳಿದ ಮೇಲೆ ಅತ್ತೆಯವರು ವಿಮಾನವನ್ನು ಮಡಿಲಲ್ಲಿಟ್ಟುಕೊಂಡು ಗಂಟನ್ನು ತಾವೇ ಬಿಚ್ಚಿದರು. "ಇನ್ನ ಜೋತಾಡಲಿ ಬಿಡವಾ" ಅಂದರು. ಚೀಟಿಯಲ್ಲಿ ಹೇಳಿದ ಹಾಗೆ ವಾಯರನ್ನು ಬಾಲದವರೆಗೆ ಬಿಡಿಸಿದ್ದೇನೆ. ನಿಮ್ಮ ಆ ಹಳೆಯ ಚೇಷ್ಟೆಯ ಮಾತನ್ನು ಈ ಮನೆಯಲ್ಲಿ ಇನ್ನು ಯಾರೂ ಆಡದ ಹಾಗೆ ನೋಡಿಕೊಳ್ಳುತ್ತೇನೆ.

ಸಂಜೆಯಾಗಿದೆ. ಪತ್ರ ಮುಗಿಸುವಾಗ ಒಳಗೆ ರೇಡಿಯೋ ಹಾಡುತ್ತಿದೆ, ಮಾವಾರ. ನಾನು ಹಚ್ಚಿಲ್ಲ.

ನಿಮ್ಮ ಸೊಸೆ,
ಕಸ್ತೂರಿ