ಬೀಟೆಯ ಕರಡಿಗೆ

ತಾಂಡವಪುರ, ಜುಲೈ 1998

ಅಕ್ಕನಿಗೆ ನಮಸ್ಕಾರ.

ಮಗುವಿಗೆ ಲಿಂಗ ಕಟ್ಟಲು ಬೀಟೆ ಮರದ ಕರಡಿಗೆ ಕೇಳಿದ್ದೀಯ. ಬೇಡ, ಬೆಳ್ಳಿಯದನ್ನೇ ಕೊಳ್ಳಿ. ಬೆಳ್ಳಿ ಆಡಂಬರವೆಂದು ಕರಪತ್ರ ಓದಿ ಜಗಳವಾಡುತ್ತಿದ್ದವನು ನಾನೇ, ನಿಜ.

ಬಾಣಂತಿಯಾದ ನಿನಗೆ ಯಾರೂ ಹೇಳಿರಲಾರರು. ಕೊನೆಯ ದಿನಗಳಲ್ಲಿ ಅಪ್ಪ, "ಬೆಳ್ಳಿ ಎದೆಗೆ ಬಾರ ಕಣ್ಲಾ, ನಿನ್ ಮರದ್ದೇ ಕಟ್ಟು" ಎಂದರು. ಸಾಮಿಲ್ಲಿನ ಚೂರುಗಳಿಂದ ಹವ್ಯಾಸಕ್ಕೆ ಮಾಡಿದ್ದನ್ನು ಕಟ್ಟಿದೆ.

ಸಮಾಧಿಯ ಗುಂಡಿಯಲ್ಲಿ ಅಪ್ಪನನ್ನು ಕೂರಿಸಿ ಅಂಗೈಗೆ ಲಿಂಗ ಇಡಬೇಕೆಂದಾಗ ಕರಡಿಗೆ ತೆರೆಯಲಿಲ್ಲ. ಮಳೆಯ ತೇವಕ್ಕೆ ಮುಚ್ಚಳ ಉಬ್ಬಿ ಬಿಗಿದಿತ್ತು.

"ಒಡಿ ಕಣಪ್ಪ, ಒತ್ತಾಯ್ತದೆ" ಎಂದರು ಸಂಸ್ಕಾರ ಮಾಡಿಸುತ್ತಿದ್ದ ಅಯ್ಯನವರು.

ಮನೆಯಿಂದ ಉಳಿ ತರಿಸಿ, ಗುಂಡಿಗಿಳಿದು, ಅಪ್ಪನ ತೊಡೆಯ ಪಕ್ಕದಲ್ಲೇ ಒಡೆದೆ. ನಾನು ಹಾಕಿದ ಜೋಡಣೆ ಎಲ್ಲೂ ಬಿಡಲಿಲ್ಲ, ಮರವೇ ಸೀಳಿತು.

ಥಂಡಿಯಲ್ಲಿ ಮಗುವನ್ನು ಹೊರಗೆ ಕರೆತರಬೇಡ.

ನಿನ್ನ ತಮ್ಮ,
ಗುರುಮಲ್ಲು