ಜೊತೆಗೆ ಕೂತವರು

ಅಲ್ ಹೈಲ್, ಮಸ್ಕತ್
೧೫ ನವೆಂಬರ್ ೨೦೨೫

ಪ್ರೀತಿಯ ಅಪ್ಪನಿಗೆ,

ಉಜ್ವಲಾಳ ನಮಸ್ಕಾರಗಳು. ನಾವು ಇಲ್ಲಿ ಆರಾಮ. ಹುಬ್ಬಳ್ಳಿಯಲ್ಲಿ ನೀವು, ತಮ್ಮ ಆಕಾಶ, ಅವನ ಮನೆಯವರೆಲ್ಲ ಆರಾಮಿದ್ದೀರಿ ಎಂದುಕೊಂಡಿದ್ದೇನೆ. 'ದೇವರ ದಯೆಯಿಂದ' ಎಂದು ಬರೆಯುವ ವಾಡಿಕೆ ನಮ್ಮ ಮನೆಯಲ್ಲಿ ಇಲ್ಲದ್ದರಿಂದ ಕ್ಷೇಮಸಮಾಚಾರ ಬೇಗ ಮುಗಿಯಿತು. ತಡವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಲ್ಲಿ ನನ್ನ ಮಾತು ಮುಗಿಯುವ ಮೊದಲೇ ನಿಮ್ಮ ಉತ್ತರ ಶುರುವಾಗುತ್ತದೆ. ಕಾಗದವನ್ನಾದರೆ ಕಡೆಯವರೆಗೆ ಓದುತ್ತೀರಿ, ತಪ್ಪು ಹುಡುಕಲಿಕ್ಕಾದರೂ. ಪಕ್ಕದ ಮನೆಯ ಮಾಜಿದಾಳ ಗಂಡ ಝುಬೈರ್ ನಾಳೆ ಮಂಗಳೂರಿಗೆ ಹೋಗುತ್ತಿದ್ದಾರೆ, ಅಲ್ಲಿಂದ ಅಂಚೆಗೆ ಹಾಕುತ್ತಾರೆ.

ಬರ್ಕಾದ ಕುಡಿಯುವ ನೀರಿನ ಘಟಕದಲ್ಲಿ ನನ್ನ ಕೆಲಸ ಎಂದಿನಂತೆ ನಡೆದಿದೆ. ಸಮುದ್ರದ ನೀರಿನಿಂದ ಅವರು ಉಪ್ಪು ತೆಗೆಯುತ್ತಾರೆ, ಇನ್ನೆಷ್ಟು ಉಳಿದಿದೆ ಎಂದು ನಾನು ಲ್ಯಾಬಿನಲ್ಲಿ ನೋಡುತ್ತೇನೆ. ನಿಮ್ಮ ಮೊಮ್ಮಗಳು ದಿಶಾ ನನ್ನ ಭುಜ ದಾಟಿದ್ದಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಫೋನಿನಲ್ಲಿ ನೀವು ಕೇಳಿದಿರಿ: "ಏನವಾ, ಮಠದ ಕಟ್ಟಿ ಹತ್ತಬ್ಯಾಡ ಅಂತ ಬೆಳಸಿದ್ದು ಪರದೇಶದಾಗ ಪ್ರಾರ್ಥನಿಗೆ ಹೋಗಲಿ ಅಂತನ? ಶಂಕ್ರೆಪ್ಪ ಮಾಸ್ತರನ ಮಗಳು ಅಂತ ಇನ್ನ ಹ್ಯಾಂಗ ಹೇಳ್ಕೊಳ್ಳಲಿ?" ಅದಕ್ಕೆ ನನ್ನ ಉತ್ತರ ಇದು.

ದಿಶಾಳಿಗೆ ಇಂಗ್ಲಿಷ್ ಕಲಿಸಿದ ಹಿಲ್ಡಾ ಎಂಬ ಮುದುಕಿಯ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ಎಂಟು ಹತ್ತು ಜನ ಸೇರುತ್ತಾರೆ. ಅವರು ಕ್ವೇಕರರು. ಕ್ರೈಸ್ತರಲ್ಲಿಯೇ ಹುಟ್ಟಿದ ಪಂಗಡ. ನಮ್ಮ ಈ ಕೂಟದಲ್ಲಿ ಪಾದ್ರಿಯಿಲ್ಲ, ಪೂಜೆಯಿಲ್ಲ, ಹಾಡಿಲ್ಲ. ಒಂದು ತಾಸು ಎಲ್ಲರೂ ಸುಮ್ಮನೆ ಕೂಡುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ನಿಂತು ಹೇಳಿ ಮತ್ತೆ ಕೂಡುತ್ತಾರೆ. ಅದಕ್ಕೆ ಬೇರೆಯವರು ಎದುರು ವಾದ ಹೂಡುವಂತಿಲ್ಲ. ನಿಮಗೆ ಅದು ಕಷ್ಟವಾಗುತ್ತಿತ್ತು. ಕಡೆಗೆ ಪಕ್ಕದವರ ಕೈ ಕುಲುಕಿ ಚಹಾ ಕುಡಿಯುವುದು, ಅಷ್ಟೇ.

ಮೊದಲ ಶುಕ್ರವಾರವೇ ನಾನೊಂದು ಎಡವಟ್ಟು ಮಾಡಿದೆ. ವೆಕೇಸಾ ಎಂಬವರು ಮಾತಾಡಲು ಎದ್ದರು. ಕೆನ್ಯಾದವರು, ನಿಮಗಿಂತ ತುಸು ಚಿಕ್ಕವರು, ಅಲ್ ಮಬೇಲಾದಲ್ಲಿ ಒಂದು ವರ್ಕ್‌ಶಾಪ್ ನೋಡಿಕೊಳ್ಳುತ್ತಾರೆ. ಹಿರಿಯರು ಎದ್ದಾಗ ಕೂತಿರುವುದು ಹೇಗೆ ಎಂದು ನಾನೂ ಎದ್ದು ನಿಂತೆ. ಉಳಿದವರು ಯಾರೂ ಏಳಲಿಲ್ಲ. ಅವರು ಯೇಸುವಿನ ಬಗ್ಗೆ ಎರಡು ಮಾತು ಹೇಳಿ ಕೂತರು. ಇನ್ನು ನನ್ನ ಸರದಿ ಎಂದು ಎಲ್ಲರೂ ಕಾದರು. ಏನೂ ಹೇಳದೆ ಕೂಡುವ ಧೈರ್ಯ ಬರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ನನಗೆ ದೇವರಲ್ಲಿ ನಂಬಿಕೆಯಿಲ್ಲ. ನಿಮ್ಮ ಜೊತೆ ಕೂತದ್ದು ಹಿತವಾಯಿತು." ಯಾರೂ ತಿರುಗಿ ನೋಡಲಿಲ್ಲ.

ಅಂದಿನಿಂದ ಎರಡು ವರ್ಷವಾಯಿತು, ಹೋಗುತ್ತಲೇ ಇದ್ದೇನೆ. ಮಾಜಿದಾ ನಗುತ್ತಾಳೆ. "ಅಲ್ಲ ಉಜ್ವಲಕ್ಕ, ದೇವರೇ ಇಲ್ಲಾಂತ ಹೇಳ್ತೀರಿ, ಮತ್ತೆ ಅಷ್ಟು ಹೊತ್ತು ಕೂತ್ಕೊಳ್ಳುದು ಎಂತಕ್ಕೆ ಮಾರಾಯ್ತಿ? ನಿಮ್ಮ ಮನೆಯಲ್ಲಿ ಸೋಫಾ ಇಲ್ವಾ?" ನಿಮ್ಮ ಪ್ರಶ್ನೆಯೂ ಅದೇ. ಅವಳು ಕೇಳಿದ ಮೇಲೆ ತಿನ್ನಲಿಕ್ಕೆ ಕೊಡುತ್ತಾಳೆ.

ಈ ವರ್ಷ ನಾನು ಸದಸ್ಯಳಾಗಬೇಕೆಂದು ಕೇಳಿಕೊಂಡೆ. ಕಡೆಯ ಮಾತು ಹೊರದೇಶದ ದೊಡ್ಡ ಸಭೆಯದು, ಆದರೆ ಮೊದಲು ನಮ್ಮ ಕೂಟ ಒಪ್ಪಬೇಕು. ಅವರಲ್ಲಿ ಕೈ ಎತ್ತಿ ಎಣಿಸುವ ಪದ್ಧತಿಯಿಲ್ಲ. ಒಬ್ಬರು ಗಟ್ಟಿಯಾಗಿ ಬೇಡ ಎಂದರೂ ಎಲ್ಲರೂ ತೀರ್ಮಾನ ತಡೆದು ಕಾಯುತ್ತಾರೆ. ವೆಕೇಸಾ ಬೇಡ ಎಂದರು. "ನನ್ನ ಊರಿನಲ್ಲಿ ಕ್ವೇಕರರೆಂದರೆ ಯೇಸುವಿನ ಜನ. ಅವನನ್ನು ಒಪ್ಪದವಳನ್ನು ನಮ್ಮವಳು ಎನ್ನಲಿ ಹೇಗೆ?" ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಹಿಲ್ಡಾ ಒಳ್ಳೆಯವರು, ಅಡುಗೆಮನೆಗೆ ಕರೆದು ಒಂದು ದಾರಿ ತೋರಿಸಿದರು. "ಒಳಗಿನ ಬೆಳಕನ್ನು ನಂಬುತ್ತೇನೆ ಎಂದು ಹೇಳು. ನಿನಗೆ ಬೇಕಾದಂತೆ ನೀನು ತಿಳಿದುಕೋ, ವೆಕೇಸಾ ತನಗೆ ಬೇಕಾದಂತೆ ತಿಳಿಯಲಿ." ಅವರಲ್ಲಿ ಆ ಬೆಳಕೆಂದರೆ ಪ್ರತಿಯೊಬ್ಬರೊಳಗೂ ಇರುವ ದೇವರು. ಆಗುವುದಿಲ್ಲ ಎಂದೆ. ಅನುವಾದದ ಕಾದಂಬರಿಗಳನ್ನು ಓದುವಾಗ ನುಣುಪಿಗಾಗಿ ಮೂಲದ ಗಂಟೊಂದನ್ನು ಸವರಿದ್ದಾರೆ ಅನ್ನಿಸಿದರೆ ನಾನು ಪುಸ್ತಕ ಮುಚ್ಚಿಡುತ್ತೇನೆ. ಸುಳ್ಳು ಹೇಳಿ ಸೇರಿಕೊಂಡರೆ ಪ್ರತಿ ಶುಕ್ರವಾರ ಆ ಸುಳ್ಳಿನ ಪಕ್ಕದಲ್ಲಿ ಕೂತಿರಬೇಕು. "ಇಲ್ಲ ಎನ್ನುವ ನನ್ನನ್ನೇ ತೆಗೆದುಕೊಳ್ಳಿ. ಇಲ್ಲವಾದರೆ ಹೀಗೇ ಹೊರಗಿನವಳಾಗಿ ಬಂದು ಕೂಡುತ್ತೇನೆ. ಬರುವುದನ್ನು ಮಾತ್ರ ಬಿಡುವುದಿಲ್ಲ" ಎಂದೆ.

ನಿನ್ನೆ ಮತ್ತೆ ಆ ವಿಷಯ ಬಂತು. ವೆಕೇಸಾ ಮಂಡಿ ಹಿಡಿದುಕೊಂಡು ಎದ್ದರು. ಅಭ್ಯಾಸಬಲ, ನಾನೂ ಎದ್ದೆ. ಅವರಿಗೆ ನಗು ಬಂತು.

"ನೋಡಿ, ಇವತ್ತೂ ಎದ್ದಳು," ಎಂದರು. "ನನ್ನ ತಾಯಿ ತೀರಿಕೊಂಡಾಗ ನನಗೆ ವಿಮಾನ ಸಿಗುವಷ್ಟರಲ್ಲಿ ಊರಿನಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ನೀವೆಲ್ಲ ನನಗಾಗಿ ಪ್ರಾರ್ಥಿಸುತ್ತೇವೆ ಎಂದು ಸಂದೇಶ ಕಳಿಸಿದಿರಿ. ಅದು ದೊಡ್ಡದೇ. ಇವಳಿಗೆ ಪ್ರಾರ್ಥನೆ ಬರುವುದಿಲ್ಲ. ಡ್ಯೂಟಿ ಮುಗಿಸಿ ನನ್ನ ರೂಮಿಗೆ ಬಂದು, ಕತ್ತಲಾಗುವವರೆಗೆ ನೆಲದ ಮೇಲೆ ಕೂತಿದ್ದು ಹೋದಳು. ಮರುದಿನವೂ ಬಂದಳು. ಇವಳ ಮಾತನ್ನು ನಾನು ಒಪ್ಪುವುದಿಲ್ಲ. ಇವಳಿಗೆ ಅಡ್ಡ ನಿಲ್ಲುವುದೂ ಇಲ್ಲ. ಎರಡನ್ನೂ ಬರೆದುಕೊಳ್ಳಿ."

ಕೂಟದ ಟಿಪ್ಪಣಿ ಬರೆಯುವ ಹಿಲ್ಡಾ ಎರಡನೆಯದನ್ನು ಮಾತ್ರ ಬರೆದು ಓದಿದರು. ನಾನು ತಡೆದು, ಮೊದಲನೆಯದನ್ನೂ ಸೇರಿಸಿ ಎಂದೆ. ಸೇರಿಸಿದರು. ಅವರ ಅಸಮ್ಮತಿ, ನನ್ನ ಅಪನಂಬಿಕೆ ಎರಡೂ ಇದ್ದದ್ದು ಇದ್ದ ಹಾಗೆ ದೊಡ್ಡ ಸಭೆಗೆ ಹೋಗಿವೆ. ಚಹಾ ಕುಡಿಯುವಾಗ ವೆಕೇಸಾ ಕೇಳಿದರು, "ನಾಳೆ ನಾನು ಸ್ವರ್ಗದಲ್ಲಿ ಎದ್ದು ನಿಂತರೆ ಏನು ಮಾಡುತ್ತಿ?" "ಎಲ್ಲಿದ್ದರೂ ಏಳುತ್ತೇನೆ" ಎಂದೆ.

ಆದ್ದರಿಂದ ಅಪ್ಪಾ, ನಾನು ಮತ ಬದಲಿಸಿಲ್ಲ. ನೀವು ಕಲಿಸಿದ್ದರಲ್ಲಿ ಒಂದಕ್ಷರವನ್ನೂ ಬಿಟ್ಟಿಲ್ಲ. ನಂಬುವ ಜನರ ನಡುವೆ, ನಂಬದವಳಾಗಿ, ಅವರವಳಾಗಿ ಇರುತ್ತೇನೆ. ನೀವು ಬೇಡ ಎಂದರೂ ಇರುತ್ತೇನೆ.

ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಿ, ಆಕಾಶನ ಮೇಲೆ ರೇಗಬೇಡಿ. ಅವನ ಮಕ್ಕಳಿಗೆ ನನ್ನ ಆಶೀರ್ವಾದ. ಹಾರೈಸುವುದಕ್ಕೆ ದೇವರು ಬೇಕಿಲ್ಲ ಎಂದು ನೀವೇ ಹೇಳಿದ್ದೀರಿ. ನೀವು ಬಹುಕಾಲ ಚೆನ್ನಾಗಿರಿ.

ನಿಮ್ಮ ಮಗಳು,
ಉಜ್ವಲಾ

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ. ಅವ್ವ ತೀರಿಕೊಂಡ ದಿನ ಓಣಿಯ ಭಜನೆಯವರು ತಾಳ ಹಿಡಿದುಕೊಂಡು ಗೇಟಿನ ಹತ್ತಿರ ಬಂದಿದ್ದರು. "ನಮ್ಮ ಮನ್ಯಾಗ ಇದೆಲ್ಲಾ ಇಲ್ರಿ, ಹೋಗಿಬರ್ರಿ" ಎಂದು ನೀವು ಕಳಿಸಿದಿರಿ. ದೇಹದಾನಕ್ಕೆ ಅವ್ವ ತಾನೇ ಒಪ್ಪಿದ್ದಳು, ಅದರ ಬಗ್ಗೆ ನನ್ನ ತಕರಾರಿಲ್ಲ. ಮೆಡಿಕಲ್ ಕಾಲೇಜಿನ ಗಾಡಿ ಬಂತು, ಹೋಯಿತು. ಆಮೇಲೆ ನೀವೊಂದು ಕೋಣೆಯಲ್ಲಿ, ಆಕಾಶ ಒಂದರಲ್ಲಿ, ನಾನೊಂದರಲ್ಲಿ. ಓಣಿಯಲ್ಲಿ ಯಾರು ಸತ್ತರೂ ಹೋಗಿ ಗೋಡೆಗೆ ಒರಗಿ ಕೂತು ಬರುತ್ತಿದ್ದವಳು ಅವ್ವ. ಅವಳ ಹತ್ತಿರ ಯಾರೂ ಕೂಡಲಿಲ್ಲ. ನಾವೂ ಕೂಡಲಿಲ್ಲ.

ನೀವೂ ದೇಹದಾನಕ್ಕೆ ಸಹಿ ಮಾಡಿದ್ದೀರಿ. ನಿಮ್ಮ ಇಚ್ಛೆಯಂತೆಯೇ ನಡೆಸುತ್ತೇನೆ. ಮಂತ್ರವಿರುವುದಿಲ್ಲ, ವಿಭೂತಿ ಇರುವುದಿಲ್ಲ. ಆದರೆ ಗಾಡಿಯವರಿಗೆ ಸ್ವಲ್ಪ ಕಾಯಿರಿ ಎನ್ನುತ್ತೇನೆ. ಗೇಟು ತೆರೆದಿಡುತ್ತೇನೆ. ಯಾರು ಬಂದರೂ ಬಂದು ಕೂಡಲಿ.