ಕೆಮ್ಮಿನ ಚಟ್ನಿ

ದಾಂಡೇಲಿ
8-3-1979

ಅವ್ವನಿಗೆ ಜುಲಿಯಾನಾಳ ನಮಸ್ಕಾರ.

ನೀನು ಬಸ್ಸಿನಲ್ಲಿ ಕಳಿಸಿದ ಕೆಂಪಿರುವೆ ಚಟ್ನಿ ಮುಟ್ಟಿತು. ಎಲ್ಲರಿಗೂ ಬಡಿಸಿ ನಾನು ಕೂರುವಷ್ಟರಲ್ಲಿ ಇಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಈ ಸಲ, "ಇದು ಕೆಮ್ಮಿನ ಔಷಧ, ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಬಾಟಲಿಯನ್ನು ಮೇಲಿಟ್ಟೆ. ಸಂಜೆಯೊಳಗೆ ಮಕ್ಕಳಿಗೆಲ್ಲ ಕೆಮ್ಮು ಹತ್ತಿತು. ನಮ್ಮ ಮನೆಯವರು ಊಟದ ನಡುವೆ ಕೆಮ್ಮಿದರು. ಅತ್ತೆಯಂತೂ, "ನನಗೂ ಒಣಾ ಕೆಮ್ಮ ಐತಿ, ಎರಡ ಚಮಚಾ ಹಾಕವಾ" ಎಂದು ತಟ್ಟೆಯನ್ನೇ ಒಡ್ಡಿದರು. ನಾನು ಬಾಟಲಿ ತೊಳೆದ ನೀರನ್ನು ಅನ್ನಕ್ಕೆ ಕಲಸಿಕೊಂಡು ಉಂಡೆ.

ಇನ್ನು ಚಟ್ನಿ ಕಳಿಸಬೇಡ. ನಿನಗೆ ಜ್ವರವೆಂದು ಅತ್ತೆಗೆ ಒಂದು ಕಾರ್ಡು ಹಾಕು. ಆರೈಕೆಗೆಂದು ಒಬ್ಬಳೇ ಬರುತ್ತೇನೆ. ಅರೆಯುವುದೂ ಬಡಿಸುವುದೂ ನಿನ್ನದು. ನಾನು ಬರೀ ಉಣ್ಣುತ್ತೇನೆ. ಜ್ವರ ಮಾತ್ರ ಸಣ್ಣದಿರಲಿ. ಜೋರೆಂದು ಬರೆದರೆ ಎಲ್ಲರೂ ನಿನ್ನನ್ನು ನೋಡಲು ಹೊರಟುಬಿಡುತ್ತಾರೆ.

ಹಸಿದ ಮಗಳು,
ಜುಲಿಯಾನಾ